ಹಾಡಿಯಿಂದ ಕಾಲೇಜಿಗೆ: ಕೊಡಗಿನ ಬುಡಕಟ್ಟು ವಿದ್ಯಾರ್ಥಿಗಳು ಮತ್ತು ಕನ್ನಡ ತರಗತಿ

ಕೊಡಗಿನ ಶಿಕ್ಷಣವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಆ ಜಿಲ್ಲೆಯ ಸಾಕ್ಷರತೆಯ ಪ್ರಶಂಸೆಯಿಂದ ಆರಂಭವಾಗುತ್ತವೆ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆ ಶೇ. 82.61; ರಾಜ್ಯದ ಸರಾಸರಿ ಶೇ. 75.36. ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಹತ್ತನೆಯ ಒಂದು ಪಾಲಿನಷ್ಟಿರುವ ಪರಿಶಿಷ್ಟ ಪಂಗಡಗಳ ಸ್ಥಿತಿಯನ್ನು ಈ ಸರಾಸರಿ ಮರೆಮಾಡುತ್ತದೆ. ಎರವ, ಪಣಿಯ, ಜೇನುಕುರುಬ, ಬೆಟ್ಟಕುರುಬ ಸಮುದಾಯಗಳ ಮಕ್ಕಳು ಕಾಡಂಚಿನ ಹಾಡಿಗಳಿಂದ, ಕಾಫಿತೋಟಗಳ ಲೈನ್‌ಮನೆಗಳಿಂದ ಬರುವವರು. ಇವರಲ್ಲಿ ಕಾಲೇಜು ತಲುಪುವವರು ವಿರಳವಾಗಿರುವುದಕ್ಕೆ ಬಡತನವೇ ಕಾರಣವೆಂದು ಹೇಳಿ ಮುಗಿಸುವುದು ವಾಡಿಕೆ. ಬಡತನ ನಿಜವೇ. ಆದರೆ ಕನ್ನಡ ಅಧ್ಯಾಪಕರ ಕೈಯಳತೆಯಲ್ಲಿರುವ ಇನ್ನೊಂದು ಕಾರಣವಿದೆ. ಅದು ಭಾಷೆಗೆ ಸಂಬಂಧಿಸಿದ್ದು.

ಮೊದಲ ತೊಡಕು ಹೆಸರಿನದು. ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ, ಮೀಸಲು ಸ್ಥಾನ ಎಲ್ಲಕ್ಕೂ ಜಾತಿ ಪ್ರಮಾಣಪತ್ರ ಬೇಕು. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಬಹುಕಾಲ ಇದ್ದ ಪದ ‘ಕಾಡು ಕುರುಬ’. ಜನ ತಮ್ಮನ್ನು ಕರೆದುಕೊಳ್ಳುವುದು ‘ಬೆಟ್ಟ ಕುರುಬ’ ಎಂದು. ಈ ಹೆಸರನ್ನು ಕಾಡು ಕುರುಬದ ಪರ್ಯಾಯವಾಗಿ ಸೇರಿಸುವ ಮಸೂದೆಯನ್ನು ಸಂಸತ್ತು ಅಂಗೀಕರಿಸಿದ್ದು 2022ರ ಡಿಸೆಂಬರ್‌ನಲ್ಲಿ. ಇದಲ್ಲದೆ ‘ಕುರುಬ’ ಎಂಬ ಪದವೊಂದೇ ಕೊಡಗು ಜಿಲ್ಲೆಗೆ ಸೀಮಿತವಾಗಿ ಆ ಪಟ್ಟಿಯಲ್ಲಿದೆ. ರಾಜ್ಯದ ಉಳಿದೆಡೆ ಅದೇ ಪದ ಹಿಂದುಳಿದ ವರ್ಗವೊಂದನ್ನು ಸೂಚಿಸುತ್ತದೆ. ಜಿಲ್ಲೆಯ ಗಡಿ ದಾಟಿದೊಡನೆ ಅರ್ಥ ಬದಲಾಗುವ ಇಂತಹ ಪದವನ್ನು ನಿಘಂಟುಕಾರರೂ ಗಮನಿಸಬೇಕು.

ಎರಡನೆಯದು ಕಾಲದ ತೊಡಕು. ಅರೇಬಿಕಾ, ರೊಬಸ್ಟಾ ಎರಡೂ ಸೇರಿ ಕಾಫಿ ಕೊಯ್ಲು ನವೆಂಬರ್‌ನಿಂದ ಮಾರ್ಚ್‌ವರೆಗೆ ಸಾಗುತ್ತದೆ. ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಪರೀಕ್ಷೆಗಳ ಸಿದ್ಧತೆಯ ತಿಂಗಳುಗಳೂ ಅವೇ. ಲೈನ್‌ಮನೆಯಲ್ಲಿ ವಾಸದ ಹಕ್ಕು ದುಡಿಮೆಗೆ ಅಂಟಿಕೊಂಡಿರುವುದರಿಂದ ಹದಿನಾರರ ಹುಡುಗ, ಹುಡುಗಿಯರ ಕೈಗಳು ತೋಟಕ್ಕೂ ಬೇಕಾಗುತ್ತವೆ.

ಇವೆಲ್ಲವನ್ನೂ ದಾಟಿ ತರಗತಿಗೆ ಬಂದವರಿಗೆ ಎದುರಾಗುವ ತೊಡಕು ಹೆಚ್ಚು ಸೂಕ್ಷ್ಮವಾದುದು. ಎರವ ಭಾಷೆ ಮಲಯಾಳಂ ಮತ್ತು ಕೊಡವ ಭಾಷೆಗಳಿಗೆ ಹತ್ತಿರವಾದುದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಅದರ ವರ್ಣನಾತ್ಮಕ ಅಧ್ಯಯನವನ್ನು ಪ್ರಕಟಿಸಿದೆ. ಜೇನುಕುರುಬರ ನುಡಿ ಕನ್ನಡಕ್ಕೆ ಸಮೀಪವಾದರೂ ಪಠ್ಯಪುಸ್ತಕದ ಕನ್ನಡವಲ್ಲ. ಆಶ್ರಮ ಶಾಲೆಯಲ್ಲಿ ಈ ಮಗು ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಯುತ್ತದೆ, ಆದರೆ ಶಾಲೆ ಕಲಿಸುವುದು ಅದನ್ನು ಮೊದಲ ಭಾಷೆಯೆಂದು ತಿಳಿದು. ಕಾಲೇಜಿಗೆ ಬಂದಾಗ ವಿಜ್ಞಾನ, ವಾಣಿಜ್ಯಗಳ ಇಂಗ್ಲಿಷ್ ಮೇಲೇರುತ್ತದೆ. ಹಳಗನ್ನಡ ಪದ್ಯಭಾಗ ಎಲ್ಲರಿಗೂ ಕಠಿಣವೇ. ಎರವ ವಿದ್ಯಾರ್ಥಿಗೆ ಅದರ ಹೊಸಗನ್ನಡ ಗದ್ಯಾನುವಾದವೂ ಪರಭಾಷೆಯದೇ. ಕೊಡವ, ಅರೆಭಾಷೆಗಳಿಗೆ ಪ್ರತ್ಯೇಕ ಅಕಾಡೆಮಿಗಳಿವೆ. ಎರವರ ನುಡಿಗೆ ಅಂತಹ ಆಸರೆಯಿಲ್ಲ.

ಇಲ್ಲಿ ಕನ್ನಡ ವಿಭಾಗಗಳು ತಮ್ಮ ರೂಢಿಯನ್ನೇ ಪ್ರಶ್ನಿಸಿಕೊಳ್ಳಬೇಕಾಗಿದೆ. ಹಾಡಿಯ ಹಾಡು, ಕಥೆಗಳನ್ನು ಜಾನಪದ ಸಾಮಗ್ರಿಯೆಂದು ಸಂಗ್ರಹಿಸಿ ಪದವಿ ಪಡೆಯುವುದು ನಮ್ಮಲ್ಲಿ ಗೌರವದ ಕೆಲಸ. ಅದೇ ಹಾಡುಗಾರ್ತಿಯ ಮಗಳು ಉತ್ತರಪತ್ರಿಕೆಯಲ್ಲಿ ತನ್ನ ನುಡಿಯ ವಿಭಕ್ತಿ ಬಳಸಿದರೆ ಅದು ಕೆಂಪುಗೆರೆಯ ದೋಷ. ದೋಷವೆಂದು ಗುರುತಿಸುವ ಮೊದಲು ಅದು ಯಾವ ಭಾಷೆಯ ನಿಯಮವೆಂದು ಕೇಳುವ ಅಧ್ಯಾಪಕನಿಗೆ ಬೋಧನೆಯ ದಾರಿ ತಾನಾಗಿ ಕಾಣುತ್ತದೆ.

ಕಾಲೇಜುಗಳು ಹೆಚ್ಚಿವೆ ಎಂಬುದು ನಿಜ. ಮಡಿಕೇರಿಯ ಸರ್ಕಾರಿ ಕಾಲೇಜು 1949ರದು; ಇಂದು ಅದು ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು. 2023ರಲ್ಲಿ ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಆರಂಭವಾಯಿತು. ದಕ್ಷಿಣದ ವಿರಾಜಪೇಟೆ, ಪೊನ್ನಂಪೇಟೆ ತಾಲ್ಲೂಕುಗಳ ಹಾಡಿಗಳಿಗೆ ಇವೆರಡೂ ದೂರವೇ. ಆದರೆ ದೂರವನ್ನು ಬಸ್ಸು, ವಿದ್ಯಾರ್ಥಿನಿಲಯಗಳು ತಗ್ಗಿಸಬಲ್ಲವು. ಮೊದಲ ವರ್ಷದ ಆರಂಭದ ಕೆಲವು ವಾರಗಳನ್ನು ಕನ್ನಡ ವಿಭಾಗವೇ ವಹಿಸಿಕೊಂಡು, ಟಿಪ್ಪಣಿ ಬರೆದುಕೊಳ್ಳುವುದು, ಪ್ರಶ್ನೆಯನ್ನು ಬಿಡಿಸಿ ಓದುವುದು, ಮನೆಮಾತಿನಲ್ಲಿ ಹೇಳಿದ್ದನ್ನು ಬರಹದ ಕನ್ನಡಕ್ಕೆ ತರುವುದು ಇವನ್ನು ಅಭ್ಯಾಸ ಮಾಡಿಸಬಹುದು. ಅದಕ್ಕೆ ಮುನ್ನ ಪ್ರವೇಶದ ಅರ್ಜಿಯಲ್ಲಿ ಮಾತೃಭಾಷೆಯ ಅಂಕಣವನ್ನು ವಿದ್ಯಾರ್ಥಿಯನ್ನು ಕೇಳಿಯೇ ತುಂಬಬೇಕು. ‘ಕನ್ನಡ’ ಎಂದು ತಾವೇ ಬರೆದುಬಿಡಬಾರದು.