ಕುಲುಮೆಯಿಂದ ರಣರಂಗಕ್ಕೆ

ವಿಜಯಪುರದ ಕೋಟೆಯ ಬುರುಜಿನ ಮೇಲೆ ‘ಮಲಿಕ್-ಎ-ಮೈದಾನ್’ ಎಂಬ ಭಾರಿ ಫಿರಂಗಿಯಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ಗೋಳಗುಮ್ಮಟವನ್ನು ನೋಡಲು ಬರುವ ಮಕ್ಕಳು ಇದನ್ನೂ ಕಂಡು ಬೆರಗಾಗುವುದುಂಟು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಈ ಫಿರಂಗಿ ಮುಂದೆ ಆದಿಲಶಾಹಿಗಳ ವಶವಾಯಿತು. ಆದರೂ 1686ರಲ್ಲಿ, ವರ್ಷಕ್ಕೂ ಮೀರಿದ ಮುತ್ತಿಗೆಯ ಬಳಿಕ, ಬಿಜಾಪುರವು ಔರಂಗಜೇಬನಿಗೆ ಶರಣಾಯಿತು. ಒಂದು ದೊಡ್ಡ ಆಯುಧವಿದ್ದ ಮಾತ್ರಕ್ಕೆ ರಾಜ್ಯ ಉಳಿಯದು. ಆಯುಧವನ್ನು ತಯಾರಿಸುವ, ಕೆಟ್ಟಾಗ ಸರಿಪಡಿಸುವ, ಕಾದಾಡುವವನಿಗೆ ಅನ್ನ ಒದಗಿಸುವ ಶಕ್ತಿಯೂ ನಾಡಿನಲ್ಲಿರಬೇಕು.

ಆಧುನಿಕ ಯುದ್ಧದಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯ. ಒಂದು ವಿಮಾನ ಹಾರಬೇಕಾದರೆ ಉಕ್ಕು, ಅಲ್ಯೂಮಿನಿಯಂ, ವಿದ್ಯುತ್ತು, ಯಂತ್ರೋಪಕರಣಗಳು, ನುರಿತ ಕೈಗಳು ಇವೆಲ್ಲವೂ ಬೇಕು. ಯುದ್ಧ ಬಂದ ಮೇಲೆ ಇವನ್ನು ಕಟ್ಟಲು ಹೊರಡುವುದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಆದುದರಿಂದ ದೂರದೃಷ್ಟಿಯುಳ್ಳ ಸರ್ಕಾರಗಳು ಶಾಂತಿಯ ಕಾಲದಲ್ಲಿಯೇ ಯೋಜನೆ ಹಾಕಿ ಕೈಗಾರಿಕೆಗಳನ್ನು ಬೆಳೆಸುತ್ತವೆ.

ಇದಕ್ಕೆ ಹಳೆಯ ಮೈಸೂರು ಸಂಸ್ಥಾನವು ಉತ್ತಮ ನಿದರ್ಶನ. 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ಆ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಸರ್. ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದು ಕೈಗಾರಿಕೆಗೆ ಹೊಸ ಚೈತನ್ಯ ತುಂಬಿದರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಇವುಗಳಲ್ಲಿ ಯಾವುದನ್ನೂ ಯುದ್ಧಕ್ಕೆಂದು ಕಟ್ಟಿರಲಿಲ್ಲ. ಆದರೆ ಎರಡನೆಯ ಮಹಾಯುದ್ಧ ಬಂದಾಗ ಇವುಗಳ ಬೆಲೆ ತಿಳಿಯಿತು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಮೈಸೂರು ಸರ್ಕಾರವು 25 ಲಕ್ಷ ರೂಪಾಯಿ ತೊಡಗಿಸಿತು. ಮರುವರ್ಷವೇ ಅಲ್ಲಿ ಜೋಡಿಸಿದ ತರಬೇತಿ ವಿಮಾನ ಹಾರಿತು. ಯುದ್ಧದ ವರ್ಷಗಳಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ದುರಸ್ತಿಗಾಗಿ ಬೆಂಗಳೂರಿಗೆ ಬರತೊಡಗಿದವು.

ಯಂತ್ರಗಳಿದ್ದರೆ ಸಾಲದು, ಅವುಗಳನ್ನು ಅರಿತವರು ಬೇಕು. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದು ದೊರೆತಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ವಿದ್ಯಾಶಾಲೆ ಕಟ್ಟಿಸಿದುದನ್ನೂ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೂ ದೀಪದೆಣ್ಣೆಗೂ ಭೂಮಿ ಮೊದಲಾದುವನ್ನು ಬಿಟ್ಟುದನ್ನೂ ಅದು ತಿಳಿಸುತ್ತದೆ. ವಿದ್ಯೆಯ ಫಲ ತಡವಾಗಿ ದೊರೆಯುವುದೆಂದು ಅರಿತೇ ಹಿರಿಯರು ಮುಂಚಿತವಾಗಿ ದತ್ತಿ ಬಿಡುತ್ತಿದ್ದರು. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೈಸೂರಿನ ಅರಸರು ಭೂಮಿ ನೀಡಿದುದೂ ಇಂತಹುದೇ ಕಾರ್ಯ. 1942ರಲ್ಲಿ ಅಲ್ಲಿ ವಿಮಾನವಿಜ್ಞಾನ ವಿಭಾಗ ತೆರೆಯಿತು. ಆ ವಿಭಾಗವನ್ನು ಕಟ್ಟಿದ ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ರೂಪುಗೊಂಡ ತರಬೇತಿ ವಿಮಾನ ‘ಎಚ್‌ಟಿ-2’ 1951ರ ಆಗಸ್ಟಿನಲ್ಲಿ ಆಕಾಶಕ್ಕೇರಿತು.

ಸ್ವಾತಂತ್ರ್ಯಾನಂತರ ಪಂಚವಾರ್ಷಿಕ ಯೋಜನೆಗಳು ಆರಂಭವಾದವು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ ಎಚ್.ಎಂ.ಟಿ., 1954ರಲ್ಲಿ ಸೈನ್ಯದ ಸಂಪರ್ಕ ಸಾಧನಗಳಿಗಾಗಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿಕೊಂಡವು. 1962ರ ಚೀನಾ ಆಕ್ರಮಣವು ಸೈನ್ಯದ ಕೊರತೆಗಳನ್ನು ಬಯಲಿಗೆಳೆಯಿತು. ಆ ವರ್ಷವೇ ಕೇಂದ್ರ ಸರ್ಕಾರವು ರಕ್ಷಣಾ ಉತ್ಪಾದನೆಗೆ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. 1965ರ ಯುದ್ಧದಲ್ಲಿ ಅಮೆರಿಕ ಮತ್ತು ಬ್ರಿಟನ್ನುಗಳು ಶಸ್ತ್ರಾಸ್ತ್ರ ಸರಬರಾಜನ್ನು ನಿಲ್ಲಿಸಿದವು. ಬ್ರಿಟನ್ನಿನ ಪರವಾನಗಿ ಪಡೆದು ಬೆಂಗಳೂರಿನಲ್ಲಿ ತಯಾರಿಸುತ್ತಿದ್ದ ‘ನ್ಯಾಟ್’ ಎಂಬ ಕಿರಿಯ ವಿಮಾನವು ಆ ಯುದ್ಧದಲ್ಲಿ ಕೀರ್ತಿ ಗಳಿಸಿತು. ಪರರ ಬಾಗಿಲು ಮುಚ್ಚಿದಾಗ ಸ್ವಂತ ಕುಲುಮೆಯೇ ಆಸರೆ.

ಆದರೆ ಸರಪಳಿಯ ಒಂದು ಕೊಂಡಿ ಸಡಿಲವಾದರೂ ಇಡೀ ಸರಪಳಿಗೆ ಬಲವಿಲ್ಲ. ಜರ್ಮನ್ ತಜ್ಞ ಕುರ್ಟ್ ಟ್ಯಾಂಕರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ನಿರ್ಮಿತವಾದ ‘ಮಾರುತ್’ ಯುದ್ಧವಿಮಾನ 1961ರಲ್ಲಿ ಹಾರಿತು. 1971ರ ಯುದ್ಧದಲ್ಲಿ ಸೇವೆ ಸಲ್ಲಿಸಿತು. ಅದರ ಮೈಕಟ್ಟು ಶ್ರೇಷ್ಠವಾಗಿತ್ತು. ತಕ್ಕ ಎಂಜಿನ್ ಮಾತ್ರ ಕೊನೆಯವರೆಗೂ ದೊರೆಯಲಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿಯೇ ಮೊದಲ ಬಾರಿ ಹಾರಿದ ‘ತೇಜಸ್’ ಕೂಡ ಅಮೆರಿಕದ ಎಂಜಿನ್ನನ್ನೇ ಹೊತ್ತು ಸೇನೆಯನ್ನು ಸೇರಿತು. ಯೋಜನೆಯಲ್ಲಿ ಬಿಟ್ಟುಹೋದ ಅಂಶವು ದಶಕಗಳ ಬಳಿಕವೂ ಬೆನ್ನುಬಿಡದು.

ಇನ್ನೊಂದು ಎಚ್ಚರವೂ ಅಗತ್ಯ. 1928ರಲ್ಲಿ ಪಂಚವಾರ್ಷಿಕ ಯೋಜನೆಯನ್ನು ಕೈಗೊಂಡ ಸೋವಿಯತ್ ರಷ್ಯವು ಭಾರಿ ಕಾರ್ಖಾನೆಗಳನ್ನು ಕಟ್ಟಿತು. 1933ರಲ್ಲಿ ಟ್ರ್ಯಾಕ್ಟರು ತಯಾರಿಸಲೆಂದು ಆರಂಭವಾದ ಚೆಲ್ಯಾಬಿನ್ಸ್ಕ್ ನಗರದ ಕಾರ್ಖಾನೆ ಮಹಾಯುದ್ಧದಲ್ಲಿ ಟ್ಯಾಂಕುಗಳ ತವರಾಯಿತು. ಹಿಟ್ಲರನ ಸೈನ್ಯವನ್ನು ತಡೆಯಲು ಅದು ನೆರವಾದುದು ನಿಜ. ಆದರೆ ಆ ಯೋಜನೆಗಾಗಿ ರೈತರಿಂದ ಧಾನ್ಯವನ್ನು ಬಲವಂತವಾಗಿ ಸೆಳೆದುದರಿಂದ 1932–33ರ ಕ್ಷಾಮದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಮಡಿದರು. ಯಾರನ್ನು ರಕ್ಷಿಸಬೇಕೋ ಅವರನ್ನೇ ಬಲಿಗೊಡುವ ಸಿದ್ಧತೆ ನಿಜವಾದ ರಕ್ಷಣೆಯಲ್ಲ.

1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ‘ಜೈ ಜವಾನ್, ಜೈ ಕಿಸಾನ್’ ಎಂಬ ಘೋಷಣೆಯನ್ನು ನಾಡಿಗೆ ನೀಡಿದರು. ಗಡಿಯಲ್ಲಿ ನಿಂತ ಯೋಧನ ಹಿಂದೆ ಜೋಳ ಬೆಳೆಯುವ ರೈತನಿದ್ದಾನೆ. ಉಕ್ಕು ಕಾಯಿಸುವ ಕಾರ್ಮಿಕನಿದ್ದಾನೆ. ದೀಪದ ಮುಂದೆ ಓದುತ್ತಿರುವ ವಿದ್ಯಾರ್ಥಿಯೂ ಇದ್ದಾನೆ. ಈ ನಾಲ್ವರನ್ನೂ ಸಮನಾಗಿ ಪೋಷಿಸುವ ಯೋಜನೆಯೇ ದೇಶದ ನಿಜವಾದ ಕೋಟೆ.

ಅಭ್ಯಾಸ

1. ಮೈಸೂರು ಸಂಸ್ಥಾನದ ಯಾವ ಯಾವ ಕೈಗಾರಿಕೆಗಳು ವಿಮಾನ ಕಾರ್ಖಾನೆಗೆ ಹಾದಿ ಮಾಡಿದವು?
2. ಸಾಲೋಟಗಿಯ ಶಾಸನವನ್ನು ಈ ಪಾಠದಲ್ಲಿ ಸ್ಮರಿಸಿರುವುದೇಕೆ?
3. ‘ಪರರ ಬಾಗಿಲು ಮುಚ್ಚಿದಾಗ ಸ್ವಂತ ಕುಲುಮೆಯೇ ಆಸರೆ’ — ಸಂದರ್ಭ ಸಹಿತ ವಿವರಿಸಿರಿ.
4. ಮಾರುತ್ ವಿಮಾನದ ಕಥೆಯೂ ಸೋವಿಯತ್ ರಷ್ಯದ ಕಥೆಯೂ ಕಲಿಸುವ ಪಾಠಗಳನ್ನು ಹೋಲಿಸಿ ಬರೆಯಿರಿ.