ಉದರರೇಖೆ: ಓಡದೆ ಪಡೆಯಬಹುದೇ?

ಕಳೆದ ಕಾರ್ತಿಕ ಮಾಸದಲ್ಲಿ ಮಠದ ಸದ್ಭಕ್ತರೊಬ್ಬರು ತಮ್ಮ 24 ವರ್ಷದ ಮಗನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಆ ತರುಣ ಐದು ತಿಂಗಳಿಂದ ನಸುಕಿನಲ್ಲೆದ್ದು ದಿನವೂ 10 ಕಿಲೋಮೀಟರ್ ಓಡುತ್ತಿದ್ದ. ಹಗಲು ಒಂದು ಹೊತ್ತು ಊಟ, ರಾತ್ರಿ ಹಣ್ಣು. 79 ಕಿಲೋ ಇದ್ದ ತೂಕ 68ಕ್ಕೆ ಇಳಿದಿತ್ತು. ಹಿಂದಿನ ವಾರ ಓಡುವಾಗಲೇ ತಲೆಸುತ್ತಿ ರಸ್ತೆಯ ಬದಿಗೆ ಬಿದ್ದಿದ್ದ. ತಂದೆಯವರಿಗೆ ಆ ಬೀಳುವಿಕೆಯ ಚಿಂತೆ. ಮಗನ ದೂರು ಮಾತ್ರ ಬೇರೆಯೇ: "ಇಷ್ಟು ಮಾಡಿದರೂ ಹೊಟ್ಟೆಯ ಮೇಲೆ ಗೆರೆ ಮೂಡಲಿಲ್ಲ, ಡಾಕ್ಟರೇ."

ನಾವು ಅವನನ್ನು ಗದರಿಸಲಿ ಎಂಬುದು ತಂದೆಯವರ ಅಪೇಕ್ಷೆಯಾಗಿತ್ತು. ಗದರಿಸಲು ಬಾಯಿ ತೆರೆದ ನಮಗೆ ನಮ್ಮದೇ ಹಳೆಯ ಚೀಟಿಗಳು ನೆನಪಾದವು. ವೃತ್ತಿಯ ಮೊದಲ ಇಪ್ಪತ್ತು ವರ್ಷ, ಹೊಟ್ಟೆ ಬಂದ ಯಾರೇ ಬಂದರೂ ನಾವು ಬರೆದುಕೊಡುತ್ತಿದ್ದುದು ಇವೆರಡನ್ನೇ: ಓಡು, ಊಟ ಬಿಡು. ಹಾಗೆ ಇಳಿದ ತೂಕದಲ್ಲಿ ಎಷ್ಟು ಮೇದಸ್ಸು, ಎಷ್ಟು ಮಾಂಸ ಎಂದು ನಾವು ಒಮ್ಮೆಯೂ ವಿಚಾರಿಸಲಿಲ್ಲ. ಆ ತರುಣನ ಸೊರಗಿದ ತೋಳುಗಳನ್ನೂ ಮೆತ್ತಗಿನ ಹೊಟ್ಟೆಯನ್ನೂ ನೋಡಿದಾಗ ನಮ್ಮ ತಪ್ಪು ಎದುರಿಗೇ ಕುಳಿತಂತಿತ್ತು.

ಸಿಕ್ಸ್ ಪ್ಯಾಕ್ ಎಂಬುದು ಚಲನಚಿತ್ರ ನಟರ ಹುಚ್ಚು ಎಂದು ಹಿರಿಯರು ಹಗುರವಾಗಿ ಕಾಣುವುದುಂಟು. ಆದರೆ ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ವ್ಯಾಯಾಮದ ಫಲಗಳನ್ನು ಹೇಳುವಾಗ ಮೇದಸ್ಸಿನ ಕ್ಷಯದೊಂದಿಗೆ 'ವಿಭಕ್ತಘನಗಾತ್ರತ್ವ'ವನ್ನೂ ಎಣಿಸಿದ್ದಾರೆ. ಅವಯವಗಳು ಬಿಡಿಬಿಡಿಯಾಗಿ ಎದ್ದು ಕಾಣುವುದು, ಗಟ್ಟಿಯಾಗಿರುವುದು ಎಂದು ಅದರ ಅರ್ಥ. ತರುಣರ ಬಯಕೆಗೆ ಇದಕ್ಕಿಂತ ಒಳ್ಳೆಯ ಹೆಸರು ನಮಗೆ ಸಿಕ್ಕಿಲ್ಲ.

ಹೊಟ್ಟೆಯ ಮುಂಭಾಗದಲ್ಲಿ ಎದೆಗೂಡಿನಿಂದ ಕಿಬ್ಬೊಟ್ಟೆಯವರೆಗೆ ಎರಡು ಉದ್ದ ಸ್ನಾಯುಗಳಿವೆ. ರೆಕ್ಟಸ್ ಅಬ್ಡಾಮಿನಿಸ್ ಎಂದು ಅವುಗಳ ಹೆಸರು. ಅವುಗಳನ್ನು ಅಡ್ಡಲಾಗಿ ಸಾಮಾನ್ಯವಾಗಿ ಮೂರು ಕಂಡರಪಟ್ಟಿಗಳು ವಿಭಾಗಿಸುತ್ತವೆ. ಕಾಣುವ ಗೆರೆಗಳು ಅವೇ. ಅವು ಎಷ್ಟಿರಬೇಕು, ನೇರವೋ ಓರೆಯೋ ಎಂಬುದು ಹುಟ್ಟಿನಿಂದಲೇ ನಿಶ್ಚಿತ. ಯಾವ ಕಸರತ್ತೂ ನಾಲ್ಕನ್ನು ಆರು ಮಾಡದು. ಈ ಸ್ನಾಯುಗಳು ಎಲ್ಲರಲ್ಲಿಯೂ ಇವೆ, ನಮ್ಮಲ್ಲಿಯೂ ಇವೆ. ಅವುಗಳ ಮೇಲೆ ಮೇದಸ್ಸಿನ ಕಂಬಳಿ ಹೊದೆಸಿದೆ, ಅಷ್ಟೆ. ಪುರುಷರಲ್ಲಿ ದೇಹದ ಕೊಬ್ಬು ಸುಮಾರು ನೂರಕ್ಕೆ 10-12ರ ಆಸುಪಾಸಿಗೆ ಬಂದಾಗ ಗೆರೆಗಳು ಸ್ಪಷ್ಟವಾಗುತ್ತವೆ. ನೂರಾರು ಬಾರಿ ಮಲಗಿ ಏಳುವುದರಿಂದ ಸ್ನಾಯು ಬಲಿಯುತ್ತದೆಯೇ ಹೊರತು ಅದರ ಮೇಲಿನ ಕೊಬ್ಬು ಮಾತ್ರ ಆರಿಸಿ ಕರಗದು. ದೇಹವು ಕೊಬ್ಬನ್ನು ಎಲ್ಲೆಡೆಯಿಂದ ತನ್ನ ಕ್ರಮದಲ್ಲಿ ತೆಗೆಯುತ್ತದೆ.

ಹಾಗಾದರೆ ಓಟವೇಕೆ ಅನಿವಾರ್ಯವಲ್ಲ? ಕೊಬ್ಬು ಕರಗುವುದು ವ್ಯಯಕ್ಕಿಂತ ಆಯ ಕಡಿಮೆಯಾದಾಗ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ದಿನಕ್ಕೆ 300 ಕ್ಯಾಲೊರಿ ಕೊರತೆ ಮಾಡಿದರೆ ತಿಂಗಳಿಗೆ ಒಂದು ಕಿಲೋಗಿಂತ ತುಸು ಹೆಚ್ಚು ಕರಗೀತು. ಈ ಕೊರತೆಯನ್ನು ಓಡಿ ತುಂಬಬಹುದು, ತಟ್ಟೆಯಲ್ಲೂ ತುಂಬಬಹುದು. ಎರಡು ದೊಡ್ಡ ಚಮಚ ಎಣ್ಣೆ ಉಳಿಸಿದರೆ 250 ಕ್ಯಾಲೊರಿ ಅಲ್ಲಿಯೇ ಉಳಿಯಿತು. ಆದರೆ ಕೊರತೆ ಅತಿಯಾಗಿ, ಮಾಂಸಧಾತುವಿಗೆ ಕೆಲಸವೂ ಆಹಾರವೂ ಇಲ್ಲದಾದರೆ ದೇಹವು ಕೊಬ್ಬಿನೊಂದಿಗೆ ಸ್ನಾಯುವನ್ನೂ ಕರಗಿಸಿ ಉಣ್ಣುತ್ತದೆ. ಆ ತರುಣನಿಗೆ ಆದದ್ದು ಇದೇ. ಭಾರ ಎತ್ತುವಿಕೆ "ಈ ಸ್ನಾಯು ಬೇಕಾಗಿದೆ" ಎಂದು ದೇಹಕ್ಕೆ ತಿಳಿಸುವ ಭಾಷೆ.

ನಮ್ಮ ಕಡೆಯ ಗರಡಿಮನೆಗಳಿಗೆ ಇದು ಹೊಸತಲ್ಲ. ಬೈಠಕ್, ದಂಡ, ಗುಂಡು ಎತ್ತುವುದು, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಹೊರುವುದು, ಇವೆಲ್ಲ ಭಾರದ ಸಾಮುಗಳೇ. ಇಂದಿನ ಜಿಮ್‌ನಲ್ಲಿ ಅದೇ ಕೆಲಸಕ್ಕೆ ಸ್ಕ್ವಾಟ್, ಡೆಡ್‌ಲಿಫ್ಟ್, ಎದೆಯ ಮೇಲಿಂದ ನೂಕುವ ಪ್ರೆಸ್, ಬಾಗಿ ಎಳೆಯುವ ರೋ ಇವೆ. ವಾರಕ್ಕೆ ಮೂರು ದಿನ, ಪ್ರತಿಯೊಂದನ್ನೂ 8ರಿಂದ 12 ಬಾರಿ, ಮೂರು ಆವೃತ್ತಿ ಸಾಕು. ಸಲೀಸಾದಾಗ ಭಾರವನ್ನು ತುಸು ಏರಿಸಬೇಕು. ಹೊಟ್ಟೆಗೆಂದೇ ಪ್ಲ್ಯಾಂಕ್ ಮತ್ತು ತೂಗಿ ಕಾಲೆತ್ತುವುದನ್ನು ಕೊನೆಯಲ್ಲಿ ಸೇರಿಸಿದರೆ ಆಯಿತು.

ಇಲ್ಲಿ ಅರ್ಧಶಕ್ತಿಯ ನಿಯಮವನ್ನು ಮರೆಯಬಾರದು. ಹಣೆ, ಮೂಗು, ಸಂಧಿಗಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಉಸಿರು ಬಾಯಿಗೆ ಬಂದಾಗ ನಿಲ್ಲಿಸಬೇಕೆಂದು ನಮ್ಮ ಆಚಾರ್ಯರ ಮತ. ಇನ್ನು ಎತ್ತಲಾಗದೆಂಬವರೆಗೆ ಎತ್ತಬೇಕೆಂದು ಕೆಲವು ತರಬೇತುದಾರರು ಹಟ ಹಿಡಿಯುತ್ತಾರೆ; ಅದು ಅನಗತ್ಯ. ಇನ್ನೆರಡು ಬಾರಿ ಎತ್ತಬಹುದಿತ್ತು ಎನ್ನುವಾಗಲೇ ಇಳಿಸಿದರೂ ಸ್ನಾಯು ಬೆಳೆಯುತ್ತದೆ. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ರಕ್ತದೊತ್ತಡ ಒಮ್ಮೆಗೇ ಜಿಗಿಯುತ್ತದೆ. ಆದ್ದರಿಂದ ಎತ್ತುವಾಗ ಉಸಿರು ಹೊರಗೆ, ಇಳಿಸುವಾಗ ಒಳಗೆ. ಹರ್ನಿಯಾ ಇರುವವರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಹೃದ್ರೋಗಿಗಳು ತಮ್ಮ ವೈದ್ಯರನ್ನು ಕೇಳದೆ ಭಾರ ಮುಟ್ಟಬಾರದು.

ಇನ್ನು ಊಟ. ಮಾಂಸ ತಿನ್ನದವನಿಗೆ ಮೈಕಟ್ಟು ಎಲ್ಲಿಂದ ಬರಬೇಕೆಂದು ನಮ್ಮ ಮಕ್ಕಳನ್ನು ಜಿಮ್‌ಗಳಲ್ಲಿ ಹಂಗಿಸುವುದು ನಮ್ಮ ಕಿವಿಗೂ ಬಿದ್ದಿದೆ. ಲೆಕ್ಕ ಹಾಕಿ ನೋಡೋಣ. ಭಾರ ಎತ್ತುವವರಿಗೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. 68 ಕಿಲೋದವನಿಗೆ ಹತ್ತಿರಹತ್ತಿರ 110 ಗ್ರಾಂ. 60 ಗ್ರಾಂ ಹೆಸರುಕಾಳಿನ ಮೊಳಕೆಯಲ್ಲಿ 14, ಹಾಲು ಮೊಸರು ಸೇರಿ ಅರ್ಧ ಲೀಟರಿನಲ್ಲಿ 16, ಇಡೀ ದಿನದ ರೊಟ್ಟಿಗೆ 200 ಗ್ರಾಂ ಜೋಳದ ಹಿಟ್ಟಿನಲ್ಲಿ 20, ತೊಗರಿಬೇಳೆ ಮತ್ತು ಹುರುಳಿ ತಲಾ 50 ಗ್ರಾಂನಲ್ಲಿ 22, ಪನೀರ್ 100 ಗ್ರಾಂನಲ್ಲಿ 18, ಒಣ ಸೋಯಾ ತುಣುಕು 40 ಗ್ರಾಂನಲ್ಲಿ 20. ಒಟ್ಟು 110. ಕ್ಯಾಲೊರಿ ಸುಮಾರು 2,000. ಪಲ್ಯ, ಒಗ್ಗರಣೆ ಸೇರಿ 2,200 ದಾಟದಂತೆ ನೋಡಿಕೊಳ್ಳಬೇಕು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳಲ್ಲಿ ಪ್ರೋಟೀನ್ ಇದೆಯೆಂಬುದು ನಿಜ, ಆದರೆ ಶೇಂಗಾದ ಅರ್ಧದಷ್ಟು ತೂಕ ಎಣ್ಣೆಯೇ. ಚಮಚದಲ್ಲಿ ಅಳೆದು ಬಡಿಸಿಕೊಳ್ಳಿರಿ. ಮೂತ್ರಪಿಂಡದ ತೊಂದರೆಯಿದ್ದವರಿಗೆ ಈ ಪ್ರಮಾಣ ಸಲ್ಲದು.

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಸ್ಥೂಲರಿಗೆ ಜವೆ, ಜೋಳ, ಹೆಸರು, ಹುರುಳಿ, ತೊಗರಿಗಳನ್ನು ಪಡವಲ ಮತ್ತು ನೆಲ್ಲಿಯೊಂದಿಗೆ ವಿಧಿಸಿದೆ. ತತ್ತ್ವವೂ ಸೊಗಸಾದುದು: ಜೀರ್ಣಕ್ಕೆ ಗುರುವಾಗಿದ್ದು ಹಸಿವನ್ನು ತಣಿಸಬೇಕು, ಆದರೆ ಮೈ ತುಂಬಿಸಬಾರದು. ನಮ್ಮ ಅಜ್ಜಿಯರ ಅಡುಗೆಮನೆ ಹೆಚ್ಚುಕಡಿಮೆ ಇದೇ ಆಗಿತ್ತು. ಶ್ರಾವಣ ಸೋಮವಾರದ ಉಪವಾಸಕ್ಕೆ ಸಾಬುದಾನಿ ಒಗ್ಗರಣೆ ಬಂದದ್ದು ಆಮೇಲೆ. ಅದು ಬಹುತೇಕ ಬರಿಯ ಪಿಷ್ಟ, ಅದರ ಮೇಲೆ ಎಣ್ಣೆ.

ಗುರುತಿಲ್ಲದ ಪುಡಿ, ಚುಚ್ಚುಮದ್ದುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸ್ಟೆರಾಯ್ಡ್‌ಗಳು ಹೃದಯ, ಯಕೃತ್ತು, ಸಂತಾನಶಕ್ತಿಯನ್ನು ಕೆಡಿಸುತ್ತವೆ, ಮುಟ್ಟಬೇಡಿರಿ.

ತಾಯಂದಿರಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕವಾಗಿ ಹೇಳಬೇಕಾದುದಿದೆ. ಸ್ತ್ರೀದೇಹಕ್ಕೆ ಸಹಜವಾಗಿಯೇ ಹೆಚ್ಚು ಮೇದಸ್ಸು ಬೇಕು. ಪುರುಷರ ಅಳತೆಗೆ ಇಳಿಯಲು ಹೋದವರಲ್ಲಿ ಋತುಸ್ರಾವ ನಿಲ್ಲುವುದನ್ನು, ಮೂಳೆ ಸವೆಯುವುದನ್ನು ಕಾಣುತ್ತೇವೆ. ಮುಟ್ಟು ತಪ್ಪಿದರೆ ಆ ಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹೆರಿಗೆಯಾದವರಲ್ಲಿ ಆ ಎರಡು ಉದ್ದ ಸ್ನಾಯುಗಳು ನಡುವೆ ಬಿರಿದು ನಿಂತಿರಬಹುದು. ಪರೀಕ್ಷಿಸಿಕೊಳ್ಳದೆ ಮಲಗಿ ಏಳುವ ಕಸರತ್ತು ಮಾಡಿದರೆ ಉಬ್ಬು ಹೆಚ್ಚೀತು.

ಓಟ ಬೇಡವೆಂದ ಮಾತ್ರಕ್ಕೆ ಕುಳಿತಿರಿ ಎಂದರ್ಥವಲ್ಲ. ಗೆರೆ ಮೂಡಲು ಓಟ ಬೇಕಿಲ್ಲ ಎಂದೆವು. ಹೃದಯದ ಲೆಕ್ಕ ಬೇರೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ, ನಾವೂ ಬಿಡುವುದಿಲ್ಲ.

ಆ ತರುಣನಿಗೆ ಮೊದಲ ತಿಂಗಳು ಹೊಟ್ಟೆ ತುಂಬ ಉಣ್ಣಿಸಿದೆವು, ಅವನು ಅಂಜುತ್ತಲೇ ಉಂಡ. ನಾಲ್ಕು ತಿಂಗಳಾದ ಮೇಲೆ ತೂಕ 67 ಕಿಲೋ, ಅಂದರೆ ಕಾಟಾ ಬಹುತೇಕ ಅಲುಗಲೇ ಇಲ್ಲ. ಆದರೆ ಸೊಂಟದ ಸುತ್ತಳತೆ 88ರಿಂದ 82 ಸೆಂಟಿಮೀಟರಿಗೆ ಬಂದಿದೆ. ಮೇಲಿನ ನಾಲ್ಕು ಖಂಡಗಳು ಕಾಣುತ್ತಿವೆ, ಹೊಕ್ಕುಳ ಕೆಳಗಿನವು ಇನ್ನೂ ಮರೆಯಲ್ಲಿವೆ. ಅವು ಯಾವಾಗ ಎಂದು ಕೇಳಿದ. ಗಂಡಸರಲ್ಲಿ ಅಲ್ಲಿನ ಕೊಬ್ಬು ಸಾಮಾನ್ಯವಾಗಿ ಕೊನೆಗೆ ಕರಗುವುದು, ಇದೇ ಊಟ ಮುಂದುವರಿಸು, ಭಾರಕ್ಕೆ ಎರಡು ಕಿಲೋ ಸೇರಿಸು ಎಂದೆವು. ಜೊತೆಗೆ ಬಂದಿದ್ದ ತಂದೆಯವರು ಸಂಕೋಚದಿಂದ ತಮ್ಮ ಸೊಂಟವನ್ನೂ ಅಳೆಯಬಹುದೇ ಎಂದು ವಿಚಾರಿಸಿದರು. 104 ಸೆಂಟಿಮೀಟರ್ ಬಂತು. ನಮ್ಮ ದೇಶದ ಗಂಡಸರಿಗೆ 90 ಮೇರೆ. ಅವರ ರಕ್ತದೊತ್ತಡ ನೋಡಲು ಪಟ್ಟಿ ಸುತ್ತಿದೆವು.