ಪಾಸ್‌ಪೋರ್ಟ್ ನಿರಾಕರಿಸಿದರೆ ಮುಂದೇನು?

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬದುವಿನ ಜಗಳ ಠಾಣೆ ಹತ್ತುವುದು ಹೊಸದಲ್ಲ. ಕೊಲ್ಲಿ ದೇಶಕ್ಕೆ ದುಡಿಯಲು ಹೊರಟ ಮಗನ ಪಾಸ್‌ಪೋರ್ಟಿಗೆ ಅದೇ ಹಳೆಯ ಕೇಸು ಅಡ್ಡ ಬರಬಹುದು. ಆಗ ದಲ್ಲಾಳಿಗೆ ದುಡ್ಡು ಸುರಿಯಬೇಡಿ. ಕಾನೂನು ತೋರಿಸಿದ ದಾರಿ ಇದೆ.

ಕಾರಣ ಕೇಳಿ ಪಡೆಯಿರಿ
1967ರ ಪಾಸ್‌ಪೋರ್ಟ್ ಕಾಯ್ದೆಯ 5(3)ನೇ ಸೆಕ್ಷನ್ ಪ್ರಕಾರ, ನಿರಾಕರಿಸುವ ಅಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಕೇಳಿದರೆ ಪ್ರತಿ ಕೊಡಬೇಕು. ದೇಶದ ಭದ್ರತೆಯಂಥ ಕೆಲವು ವಿಷಯಗಳಿಗೆ ಮಾತ್ರ ವಿನಾಯಿತಿ. ಕೌಂಟರಿನಲ್ಲಿ ಹೇಳಿದ ಬಾಯಿಮಾತನ್ನು ನಂಬಿ ಹಿಂದಿರುಗಬೇಡಿ. ಕೋಲಾರ ಜಿಲ್ಲೆ ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಅರ್ಜಿಯ ಫೈಲ್ ಸಂಖ್ಯೆ ನಮೂದಿಸಿ ಅಲ್ಲಿಗೇ ಬರೆಯಿರಿ.

ಕೇಸಿದ್ದರೆ
ಅದೇ ಕಾಯ್ದೆಯ 6(2)(ಎಫ್) ಸೆಕ್ಷನ್ ಅಡಿ ನಿರಾಕರಿಸಲು ಪ್ರಕರಣ ಕ್ರಿಮಿನಲ್ ನ್ಯಾಯಾಲಯದ ಮುಂದೆ ಬಾಕಿ ಇರಬೇಕು. ಬರೀ ಎಫ್‌ಐಆರ್ ಸಾಲದು. ಬಾಕಿ ಇದ್ದರೂ ಬಾಗಿಲು ಮುಚ್ಚಿಲ್ಲ: 1993ರ ಆಗಸ್ಟ್ 25ರ ಅಧಿಸೂಚನೆಯಂತೆ, ವಿದೇಶಕ್ಕೆ ಹೋಗಲು ಆ ನ್ಯಾಯಾಲಯದ ಅನುಮತಿ ತಂದರೆ ಪಾಸ್‌ಪೋರ್ಟ್ ಸಿಗುತ್ತದೆ. ಎಷ್ಟು ವರ್ಷಕ್ಕೆ ಎಂಬುದನ್ನು ಆದೇಶದಲ್ಲೇ ಬರೆಸುವಂತೆ ವಕೀಲರಿಗೆ ಹೇಳಿ. ಅವಧಿ ನಮೂದಾಗದಿದ್ದರೆ ಕೈಗೆ ಬರುವುದು 1 ವರ್ಷದ ಪಾಸ್‌ಪೋರ್ಟ್. ಅರ್ಜಿಯಲ್ಲಿ ಕೇಸನ್ನು ಮಾತ್ರ ಮುಚ್ಚಿಡಬೇಡಿ. ಅದೇ ಬೇರೊಂದು ಅಪರಾಧ.

30 ದಿನ ನೆನಪಿರಲಿ
11ನೇ ಸೆಕ್ಷನ್ ಅಡಿ ಮೇಲ್ಮನವಿ ಸಲ್ಲಿಸಲು 30 ದಿನಗಳ ಗಡುವು. ಅದು ಹೋಗುವುದು ದೆಹಲಿಯ ವಿದೇಶಾಂಗ ಸಚಿವಾಲಯದಲ್ಲಿರುವ ಮುಖ್ಯ ಪಾಸ್‌ಪೋರ್ಟ್ ಅಧಿಕಾರಿಗೆ. ಆದೇಶದ ಪ್ರತಿ ಲಗತ್ತಿಸಿ, ಅದರ ಒಂದೊಂದು ಕಾರಣಕ್ಕೂ ದಾಖಲೆ ಸಹಿತ ಉತ್ತರ ಬರೆಯಿರಿ. ತಡವಾಗಿದ್ದರೆ ತಕ್ಕ ಕಾರಣ ತೋರಿಸಿ ಮನ್ನಿಸಲು ಕೋರಬಹುದು. ನಿಮ್ಮ ಮಾತು ಹೇಳಲು ಅವಕಾಶ ಕೊಡದೆ ಮೇಲ್ಮನವಿ ತೀರ್ಮಾನಿಸುವಂತಿಲ್ಲ. ಕೇಂದ್ರ ಸರ್ಕಾರವೇ ಹೊರಡಿಸಿದ ಆದೇಶಕ್ಕೆ ಈ ಮೇಲ್ಮನವಿ ಇಲ್ಲ.

ಹೈಕೋರ್ಟ್
ಅಲ್ಲೂ ನ್ಯಾಯ ಸಿಗದಿದ್ದರೆ ಸಂವಿಧಾನದ 226ನೇ ವಿಧಿಯಡಿ ಬೆಂಗಳೂರಿನ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ವಶಪಡಿಸಿಕೊಂಡ ಸರ್ಕಾರ ಕಾರಣ ಹೇಳಲು ಒಪ್ಪಲಿಲ್ಲ. ವಿದೇಶ ಪ್ರಯಾಣ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಅದನ್ನು ಕಸಿಯುವ ಕ್ರಮ ನ್ಯಾಯಯುತವಾಗಿರಬೇಕು ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನಮ್ಮ ಹೈಕೋರ್ಟಿನದೇ ನಿದರ್ಶನವೂ ಇದೆ. ಟಿಬೆಟನ್ ನಿರಾಶ್ರಿತ ಕುಟುಂಬದಲ್ಲಿ ಭಾರತದಲ್ಲೇ ಹುಟ್ಟಿದ ತೆಂಜಿನ್ ಛೋಫಾಗ್ ಲಿಂಗ್ ರಿಂಪೋಚೆ ಪಾಸ್‌ಪೋರ್ಟಿಗಾಗಿ ಕೋರ್ಟ್ ಮೆಟ್ಟಿಲೇರಿದರು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲಿನವರೆಗೆ ಇಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರು ಎನ್ನುವ ಪೌರತ್ವ ಕಾಯ್ದೆಯ ನಿಯಮವನ್ನು ಎತ್ತಿಹಿಡಿದು, 2013ರಲ್ಲಿ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. ನಿರಾಶ್ರಿತರ ಮಗನಿಗೆ ದಕ್ಕಿದ ನ್ಯಾಯ ರೈತನ ಮಗನಿಗೂ ದಕ್ಕಬೇಕು.

ವಕೀಲರ ಶುಲ್ಕಕ್ಕೆ ಹೆದರಬೇಡಿ
ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೋ ನಿಮ್ಮ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯನ್ನೋ ಕಾಣಿರಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಉಳಿದ ಬಡವರಿಗೆ ಆದಾಯ ಮಿತಿಯೊಳಗೆ. ಸಹಾಯವಾಣಿ 15100. ನಿರಾಕರಣೆಯ ಆದೇಶ ಕೈಸೇರಿದ ದಿನಾಂಕವನ್ನು ಅದರ ಮೇಲೇ ಬರೆದಿಟ್ಟುಕೊಂಡು, ಆ ವಾರದಲ್ಲೇ ಅಲ್ಲಿಗೆ ಹೋಗಿ.